ಶಟರ್ ಇಲ್ಲದ ಕ್ಯಾಮೆರಾ: ಸೀರೆಯ ಎಳೆ, ಮಂಟಪದ ಬೆಳಕೇ ಪರೀಕ್ಷೆ

ಭಾಗ್ಯನಗರ (ಕೊಪ್ಪಳ): ಮೂರೂವರೆ ಲಕ್ಷ ರೂಪಾಯಿ ಆಸುಪಾಸಿನ ಕ್ಯಾಮೆರಾ ಖರೀದಿ ಮಹಾನಗರದ ಜಾಹೀರಾತು ಸಂಸ್ಥೆಗೆ ಖರ್ಚಿನ ಒಂದು ಬಾಬತ್ತು ಅಷ್ಟೆ. ಕೊಪ್ಪಳ ನಗರಕ್ಕೆ ಹೊಂದಿಕೊಂಡಿರುವ ಭಾಗ್ಯನಗರದಂಥ ಊರಿನ ಸ್ಟುಡಿಯೊಗೆ ಅದು ಹಲವು ಮದುವೆ ಹಂಗಾಮುಗಳ ದುಡಿಮೆ. ಸಾಲ ಮಾಡಿ ತಂದ ಉಪಕರಣ ಮುಹೂರ್ತದ ಹೊತ್ತಿನಲ್ಲಿ ಕೈಕೊಟ್ಟರೆ ಹೋಗುವುದು ಹಣ ಮಾತ್ರವಲ್ಲ, ಊರಿನಲ್ಲಿ ಗಳಿಸಿದ ಹೆಸರೂ ಹೌದು.

ವೃತ್ತಿಪರ ಡಿಜಿಟಲ್ ಕ್ಯಾಮೆರಾಗಳಲ್ಲಿ ಈಚಿನ ವರ್ಷಗಳಲ್ಲಿ ಆಗಿರುವ ದೊಡ್ಡ ಬದಲಾವಣೆ ಮೆಗಾಪಿಕ್ಸೆಲ್‌ನದ್ದಲ್ಲ. ಅದು ಶಟರ್‌ನದ್ದು. ನಿಕಾನ್ ಕಂಪನಿ 2021ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ ‘ಝಡ್ 9’ ಕ್ಯಾಮೆರಾದಲ್ಲಿ ಮೇಲಿಂದ ಕೆಳಕ್ಕೆ ಸರಿಯುವ ಶಟರ್ ಪರದೆಯನ್ನೇ ತೆಗೆದುಹಾಕಿತು. ಅದೇ 45.7 ಮೆಗಾಪಿಕ್ಸೆಲ್ ಸಂವೇದಕವನ್ನು ಚಿಕ್ಕ ಒಡಲಿನಲ್ಲಿ ಅಳವಡಿಸಿ 2023ರ ಮೇ ತಿಂಗಳಲ್ಲಿ ‘ಝಡ್ 8’ ತಂದಿತು. ಝಡ್ 9ರ ತೂಕ ಬ್ಯಾಟರಿ ಮತ್ತು ಕಾರ್ಡ್ ಸೇರಿ 1,340 ಗ್ರಾಂ, ಝಡ್ 8ರದ್ದು 910 ಗ್ರಾಂ. ಬಿಡುಗಡೆಯ ವೇಳೆ ಭಾರತದಲ್ಲಿ ಝಡ್ 8ರ ಬೆಲೆ, ಲೆನ್ಸ್ ಬಿಟ್ಟು, ಸುಮಾರು 3.44 ಲಕ್ಷ ರೂಪಾಯಿ. ದಿನವಿಡೀ ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು ನಿಲ್ಲುವ ಮದುವೆ ಛಾಯಾಗ್ರಾಹಕರ ಮಟ್ಟಿಗೆ ಎರಡನೆಯದೇ ಹೆಚ್ಚು ಪ್ರಸ್ತುತ.

ಮೊದಲ ಅನುಭವ ಮೌನ

ಕ್ಯಾಮೆರಾ ಕೈಗೆತ್ತಿಕೊಂಡು ಗುಂಡಿ ಒತ್ತಿದಾಗ ಮೊದಲು ಗಮನಕ್ಕೆ ಬರುವುದು ಸದ್ದಿಲ್ಲದಿರುವುದು. ಕೇಳಿಸುವ ‘ಕ್ಲಿಕ್’ ಸ್ಪೀಕರ್‌ನಿಂದ ಬರುವ ಕೃತಕ ಧ್ವನಿ. ಬೇಡವೆಂದರೆ ಅದನ್ನೂ ನಿಲ್ಲಿಸಬಹುದು. ಸತತವಾಗಿ ಚಿತ್ರ ತೆಗೆಯುವಾಗಲೂ ವ್ಯೂಫೈಂಡರ್‌ನಲ್ಲಿ ದೃಶ್ಯ ಕಪ್ಪಾಗಿ ಮಾಯವಾಗುವುದಿಲ್ಲ. ಧಾರೆ ಎರೆಯುವ ಹೊತ್ತಿನಲ್ಲಿ ಪುರೋಹಿತರ ಮಂತ್ರದ ನಡುವೆ ಸದ್ದು ಮಾಡದೆ ಕೆಲಸ ಮಾಡಲು ಇದು ನಿಜಕ್ಕೂ ಅನುಕೂಲ.

ಹಾಗಾದರೆ ಪರದೆಯ ಕೆಲಸವನ್ನು ಮಾಡುವುದು ಯಾವುದು? ಸಂವೇದಕವೇ. ಅದು ಚಿತ್ರವನ್ನು ಸಾಲು ಸಾಲಾಗಿ ಓದಿಕೊಳ್ಳುತ್ತದೆ. ಹಿಂದಿನ ಅನೇಕ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಈ ಓದುವಿಕೆಗೆ 1/20 ಸೆಕೆಂಡ್ ಆಸುಪಾಸು ಬೇಕಾಗುತ್ತಿತ್ತು. ಅಷ್ಟರಲ್ಲಿ ಓಡುವ ವಾಹನ, ಬೀಸುವ ಕೋಲು ಓರೆಯಾಗಿ ಮೂಡುತ್ತಿದ್ದವು. ಹೊಸ ಪದರ ವಿನ್ಯಾಸದ ಸಂವೇದಕ ಇದೇ ಕೆಲಸವನ್ನು ಸುಮಾರು 1/270 ಸೆಕೆಂಡ್‌ನಲ್ಲಿ ಮುಗಿಸುತ್ತದೆ. ಯಾಂತ್ರಿಕ ಪರದೆ ಚೌಕಟ್ಟನ್ನು ದಾಟುವ ವೇಗವೂ ಹೆಚ್ಚುಕಡಿಮೆ ಇಷ್ಟೇ. ಪರದೆಯನ್ನು ಕೈಬಿಡಲು ಸಾಧ್ಯವಾದದ್ದು ಈ ಕಾರಣಕ್ಕೆ.

ಮಂಟಪದ ದೀಪಗಳ ಸವಾಲು

ಆದರೆ ಸಂವೇದಕ ಎಷ್ಟೇ ವೇಗವಾಗಿ ಓದಿದರೂ ಓದುವುದು ಸಾಲು ಸಾಲಾಗಿಯೇ. ಇದರ ಪರಿಣಾಮ ಗೊತ್ತಾಗುವುದು ಕಲ್ಯಾಣ ಮಂಟಪದಲ್ಲಿ. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಹಾಗಾಗಿ ಟ್ಯೂಬ್‌ಲೈಟ್ ಮತ್ತು ಅಗ್ಗದ ಎಲ್‌ಇಡಿ ದೀಪಗಳ ಬೆಳಕು ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ. ಕಣ್ಣಿಗೆ ಕಾಣದ ಈ ಏರಿಳಿತ ಕ್ಯಾಮೆರಾಗೆ ಕಾಣುತ್ತದೆ. 1/1000 ಸೆಕೆಂಡ್‌ನಂಥ ಚುರುಕಿನ ವೇಗದಲ್ಲಿ ತೆಗೆದರೆ ಕೆಲವು ಸಾಲುಗಳು ಬೆಳಕು ಏರಿದಾಗ, ಕೆಲವು ಇಳಿದಾಗ ದಾಖಲಾಗಿ, ವಧುವಿನ ಮುಖದ ಮೇಲೆ ಅಡ್ಡಪಟ್ಟಿ ಬೀಳಬಹುದು.

ವೇಗವನ್ನು 1/100 ಅಥವಾ 1/50ಕ್ಕೆ ಇಳಿಸಿದರೆ ಪ್ರತಿ ಸಾಲಿಗೂ ಸಮಾನ ಬೆಳಕು ಸಿಕ್ಕಿ ಪಟ್ಟಿ ಮಾಯವಾಗುತ್ತದೆ. ಆದರೆ ಆ ವೇಗದಲ್ಲಿ ಅಕ್ಷತೆ ಬೀಳುವ ಕ್ಷಣ ಮಸುಕಾಗುತ್ತದೆ. ವೇದಿಕೆಯ ಹಿಂದಿನ ಎಲ್‌ಇಡಿ ಪರದೆಗಳು ಇನ್ನೂ ಹೆಚ್ಚಿನ ಆವರ್ತನದಲ್ಲಿ ಮಿನುಗುತ್ತವೆ. ಅದಕ್ಕಾಗಿ ಶಟರ್ ವೇಗವನ್ನು ಅತಿ ಸಣ್ಣ ಅಂತರದಲ್ಲಿ ಹೊಂದಿಸುವ ಸೌಲಭ್ಯ ಈ ಕ್ಯಾಮೆರಾದಲ್ಲಿದೆ. ಅದನ್ನು ಬಳಸಲು ಕಲಿಯಬೇಕಾದ ಸ್ಥಳ ಮನೆಯೇ ಹೊರತು ಮದುವೆ ಮಂಟಪವಲ್ಲ.

ಸೋನಿ ಕಂಪನಿ 2023ರ ನವೆಂಬರ್‌ನಲ್ಲಿ ಪ್ರಕಟಿಸಿದ 24.6 ಮೆಗಾಪಿಕ್ಸೆಲ್‌ನ ‘ಎ9 3’ ಮಾದರಿ ಎಲ್ಲ ಸಾಲುಗಳನ್ನೂ ಏಕಕಾಲಕ್ಕೆ ದಾಖಲಿಸುತ್ತದೆ. ಅಲ್ಲಿ ಪಟ್ಟಿಯ ಕಾಟವಿಲ್ಲ. ಎಷ್ಟೇ ವೇಗದಲ್ಲೂ ಫ್ಲ್ಯಾಶ್ ಬಳಸಬಹುದು. ಝಡ್ 8ರಲ್ಲಿ ಸಾಮಾನ್ಯ ಫ್ಲ್ಯಾಶ್ ಬಳಕೆಗೆ ಮಿತಿ 1/200 ಸೆಕೆಂಡ್. ಆದರೆ ದೀಪವೇ ಏರಿಳಿಯುವಾಗ ಸೋನಿಯಲ್ಲಿಯೂ ಒಂದು ಚಿತ್ರ ಬೆಳಗಿ ಮತ್ತೊಂದು ಮಂಕಾಗುವ ಸಾಧ್ಯತೆ ಉಳಿಯುತ್ತದೆ. ಕೆಟ್ಟ ಬೆಳಕನ್ನು ಒಳ್ಳೆಯದು ಮಾಡುವ ಕ್ಯಾಮೆರಾ ಇನ್ನೂ ಬಂದಿಲ್ಲ.

ಹಾಸು-ಹೊಕ್ಕಿನ ನಡುವೆ ಸುಳ್ಳು ಅಲೆ

ನೇಕಾರಿಕೆಯ ಊರಾದ ಭಾಗ್ಯನಗರದಲ್ಲಿ ಎರಡನೆಯ ಪರೀಕ್ಷೆ ಮಗ್ಗದ ಬಟ್ಟೆಯದ್ದು. ಸೀರೆಯ ಚಿತ್ರಗಳನ್ನು ಮೊಬೈಲ್‌ನಲ್ಲಿ ನೋಡಿಯೇ ಗ್ರಾಹಕರು ಖರೀದಿ ನಿರ್ಧರಿಸುವ ಕಾಲವಿದು. ಒಡಲಿನ ಮೇಲೆ ಇಲ್ಲದ ಅಲೆಗಳು ಚಿತ್ರದಲ್ಲಿ ಕಂಡರೆ ನೇಯ್ಗೆಯದೇ ದೋಷವೆಂದು ಭಾವಿಸುವ ಅಪಾಯವಿದೆ.

ಛಾಯಾಗ್ರಾಹಕರು ‘ಮ್ವಾರೇ’ ಎಂದು ಕರೆಯುವ ಈ ಸುಳ್ಳು ಅಲೆ ಹುಟ್ಟುವುದು ಎರಡು ಜಾಲರಿಗಳು ಒಂದರ ಮೇಲೊಂದು ಬಿದ್ದಾಗ: ಒಂದು ಬಟ್ಟೆಯ ಎಳೆಗಳದ್ದು, ಇನ್ನೊಂದು ಸಂವೇದಕದ ಪಿಕ್ಸೆಲ್‌ಗಳದ್ದು. ಅದನ್ನು ತಗ್ಗಿಸಲು ಹಲವು ಕ್ಯಾಮೆರಾಗಳಲ್ಲಿ ಸಂವೇದಕದ ಮುಂದೆ ಚಿತ್ರವನ್ನು ತುಸು ಮೃದುವಾಗಿಸುವ ಗಾಜಿನ ಪದರ ಇರುತ್ತದೆ. ಹೆಚ್ಚಿನ ಸೂಕ್ಷ್ಮತೆಗಾಗಿ ಝಡ್ 8 ಮತ್ತು ಝಡ್ 9ರಲ್ಲಿ ಅದನ್ನು ಕೈಬಿಡಲಾಗಿದೆ.

ಲೆಕ್ಕ ಹೀಗಿದೆ. ಝಡ್ 8ರ ಚಿತ್ರದ ಉದ್ದ 8,256 ಪಿಕ್ಸೆಲ್. ಕ್ಯಾಮೆರಾವನ್ನು ಲಂಬವಾಗಿ ಹಿಡಿದು ಎರಡು ಮೀಟರ್ ಎತ್ತರದ ದೃಶ್ಯದಲ್ಲಿ ಸೀರೆ ಉಟ್ಟವರನ್ನು ಸೆರೆಹಿಡಿದರೆ ಪ್ರತಿ ಮಿಲಿಮೀಟರಿಗೆ ಸಿಗುವುದು ಸುಮಾರು ನಾಲ್ಕು ಪಿಕ್ಸೆಲ್. ಬಟ್ಟೆಯಲ್ಲಿ ಇಂಚಿಗೆ 60 ಎಳೆಗಳಿವೆ ಎಂದುಕೊಂಡರೆ ಒಂದು ಎಳೆಯ ಪಾಲಿಗೆ ಎರಡು ಪಿಕ್ಸೆಲ್‌ಗಿಂತಲೂ ಕಡಿಮೆ. ಎಳೆಯನ್ನು ಸರಿಯಾಗಿ ಗುರುತಿಸಲು ಕನಿಷ್ಠ ಎರಡಾದರೂ ಬೇಕು. ಇಲ್ಲಿಯೇ ಅಲೆಗಳು ಏಳುತ್ತವೆ. ಹತ್ತಿರ ಸರಿದು ಒಂದು ಮೀಟರ್ ಮಾತ್ರ ಚೌಕಟ್ಟಿಗೆ ತಂದರೆ ಎಳೆಯೊಂದಕ್ಕೆ ಮೂರೂವರೆ ಪಿಕ್ಸೆಲ್ ದೊರೆತು ಸಮಸ್ಯೆ ಬಹುಮಟ್ಟಿಗೆ ಇಳಿಯುತ್ತದೆ. ಕ್ಯಾಮೆರಾದ ಕೋನವನ್ನು ತುಸು ಬದಲಿಸುವುದು, ಲೆನ್ಸ್‌ನ ರಂಧ್ರವನ್ನು ಎಫ್ 16ರವರೆಗೆ ಕಿರಿದು ಮಾಡುವುದು ಇತರ ಉಪಾಯಗಳು. ಚಿತ್ರವನ್ನು ಪೂರ್ಣ ಗಾತ್ರದಲ್ಲಿ ತೆರೆದು ನೋಡಿಯೇ ಖಚಿತಪಡಿಸಿಕೊಳ್ಳಬೇಕು. ಕ್ಯಾಮೆರಾದ ಹಿಂಬದಿಯ ಪುಟ್ಟ ಪರದೆ ಕೆಲವೊಮ್ಮೆ ಇಲ್ಲದ ಅಲೆಯನ್ನು ತೋರಿಸಿ, ಇರುವುದನ್ನು ಮರೆಮಾಡುತ್ತದೆ.

ಜಾತ್ರೆಯ ದೂಳು, ಸಂಜೆಯ ಬೆಳಕು

ಜನವರಿ ವೇಳೆಗೆ ನಡೆಯುವ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾರಥೋತ್ಸವ ಈ ಭಾಗದ ಛಾಯಾಗ್ರಾಹಕರಿಗೆ ದೊಡ್ಡ ಸವಾಲು. ಲಕ್ಷಾಂತರ ಜನ, ಇಳಿಯುತ್ತಿರುವ ಸೂರ್ಯ, ರಥದತ್ತ ತೂರಿ ಬರುವ ಉತ್ತತ್ತಿ. ಇಂಥಲ್ಲಿ ನೆರವಾಗುವುದು ಗುಂಡಿ ಒತ್ತುವ ಮುನ್ನಿನ ಒಂದು ಸೆಕೆಂಡ್‌ವರೆಗಿನ ದೃಶ್ಯಗಳನ್ನೂ ಉಳಿಸಿಕೊಳ್ಳುವ ಸೌಲಭ್ಯ. ಆದರೆ ಅದು ಸಿಗುವುದು ಜೆಪೆಗ್ ರೂಪದಲ್ಲಿ ಮಾತ್ರ. ಆಮೇಲೆ ಬೆಳಕು, ಬಣ್ಣ ತಿದ್ದಲು ಅವಕಾಶ ಕೊಡುವ ‘ರಾ’ ಕಡತದಲ್ಲಿ ಸಿಗದು.

ಕ್ಯಾಮೆರಾ ಆರಿಸಿದಾಗ ಸಂವೇದಕದ ಮುಂದೆ ಮುಚ್ಚಿಕೊಳ್ಳುವ ರಕ್ಷಾಕವಚವೂ ಇದೆ. ಜಾತ್ರೆಯ ದೂಳಿನಲ್ಲಿ, ಮಗ್ಗದ ಮನೆಯ ನೂಲಿನ ಜುಂಗಿನ ನಡುವೆ ಲೆನ್ಸ್ ಬದಲಿಸುವವರಿಗೆ ಇದು ಉಪಯುಕ್ತ. ಅದನ್ನು ಬೆರಳಿನಿಂದ ಮುಟ್ಟಬಾರದು.

ಲೆಕ್ಕಕ್ಕೆ ಸಿಗದ ಖರ್ಚು

ಕ್ಯಾಮೆರಾದ ಬೆಲೆ ಖರ್ಚಿನ ಆರಂಭ ಮಾತ್ರ. ಒಂದು ಬ್ಯಾಟರಿಗೆ ಅಧಿಕೃತ ಅಳತೆಯಲ್ಲಿ ಸುಮಾರು 330 ಚಿತ್ರ. ವಾಸ್ತವದಲ್ಲಿ ಇನ್ನೂ ಹೆಚ್ಚು ಬರಬಹುದಾದರೂ ಮದುವೆಗೆ ಮೂರು ಬ್ಯಾಟರಿ ಬೇಕೇ ಬೇಕು. ಎರಡು ಕಾರ್ಡ್ ಕಿಂಡಿಗಳಲ್ಲಿ ಒಂದು ದುಬಾರಿಯಾದ ಸಿಎಫ್‌ಎಕ್ಸ್‌ಪ್ರೆಸ್ ಕಾರ್ಡಿಗೆ ಮೀಸಲು, ಇನ್ನೊಂದಕ್ಕೆ ಸಾಮಾನ್ಯ ಎಸ್‌ಡಿ ಕಾರ್ಡ್ ಸಾಕು. ‘ರಾ’ ಕಡತವೊಂದು 50 ಎಂಬಿ ಎಂದುಕೊಂಡರೂ 4,000 ಚಿತ್ರಗಳ ಮದುವೆಗೆ 200 ಜಿಬಿ. ನಕಲು ಪ್ರತಿ ಸೇರಿದರೆ 400 ಜಿಬಿ. ಇಷ್ಟನ್ನು ತೆರೆದು ಸಂಸ್ಕರಿಸಲು ಹಳೆಯ ಕಂಪ್ಯೂಟರ್ ಸೋಲಬಹುದು.

ಹಳೆಯ ನಿಕಾನ್ ಲೆನ್ಸ್ ಇರುವವರು ಪ್ರತ್ಯೇಕ ಅಡಾಪ್ಟರ್ ಕೊಂಡು ಅವನ್ನು ಬಳಸಬಹುದು. ಆದರೆ ಒಳಗೆ ಮೋಟಾರ್ ಇಲ್ಲದ ‘ಡಿ’ ಸರಣಿಯ ಲೆನ್ಸ್‌ಗಳಲ್ಲಿ ಸ್ವಯಂ ಫೋಕಸ್ ಆಗುವುದಿಲ್ಲ, ಕೈಯಿಂದಲೇ ಹೊಂದಿಸಬೇಕು.

1999ರಲ್ಲಿ ನಿಕಾನ್ ‘ಡಿ1’ ಬಂದಾಗ ಅದರಲ್ಲಿದ್ದದ್ದು 2.7 ಮೆಗಾಪಿಕ್ಸೆಲ್ ಮಾತ್ರ. ಪತ್ರಿಕೆಗಳು ಅದನ್ನು ಬಳಸಿದ್ದು ಫಿಲ್ಮ್ ತೊಳೆಯುವ ಸಮಯ ಉಳಿಯುತ್ತದೆಂಬ ಕಾರಣಕ್ಕೆ. ಅಂದರೆ ಕ್ಯಾಮೆರಾ ಗೆದ್ದದ್ದು ಅಂಕಿಗಳಿಂದಲ್ಲ, ಬಳಸುವವರ ಒಂದು ನಿರ್ದಿಷ್ಟ ತೊಡಕನ್ನು ನೀಗಿಸಿದ್ದರಿಂದ. ಈಗಲೂ ಅಳತೆಗೋಲು ಅದೇ.

ಆದ್ದರಿಂದ ಸಾಲದ ಅರ್ಜಿಗೆ ಸಹಿ ಹಾಕುವ ಮುನ್ನ ಒಂದು ದಿನ ಬಾಡಿಗೆಗೆ ತಂದು ನೋಡುವುದು ಜಾಣತನ. ನಿತ್ಯ ಕೆಲಸ ಮಾಡುವ ಮಂಟಪದ ದೀಪದಡಿ ಬೇರೆ ಬೇರೆ ವೇಗಗಳಲ್ಲಿ ಹತ್ತು ಚಿತ್ರ, ನುಣುಪು ನೇಯ್ಗೆಯ ಒಂದು ಸೀರೆಯನ್ನು ಮೂರು ದೂರಗಳಿಂದ ಮೂರು ಚಿತ್ರ, ಬಳಿಕ ಅವನ್ನು ಸ್ವಂತ ಕಂಪ್ಯೂಟರ್‌ನಲ್ಲಿ ತೆರೆಯುವುದು. ಈಗಿರುವ ಕ್ಯಾಮೆರಾ ಈ ಕೆಲಸಗಳನ್ನು ಗ್ರಾಹಕರ ದೂರಿಲ್ಲದೆ ಮಾಡುತ್ತಿದ್ದರೆ, ಅದೇ ಹಣದಲ್ಲಿ ಒಂದು ಉತ್ತಮ ಲೆನ್ಸ್ ಹಾಗೂ ಸ್ಥಿರ ಬೆಳಕು ಕೊಡುವ ದೀಪಗಳನ್ನು ಕೊಂಡರೆ ಚಿತ್ರದಲ್ಲಿ ಕಾಣುವ ವ್ಯತ್ಯಾಸ ಹೆಚ್ಚು. ಸದ್ದಿಲ್ಲದ ವೇಗವೇ ನಿತ್ಯದ ಅಗತ್ಯವಾಗಿರುವವರಿಗೆ ಮಾತ್ರ ಶಟರ್ ಇಲ್ಲದ ಕ್ಯಾಮೆರಾ ತನ್ನ ಬೆಲೆಯನ್ನು ದುಡಿದು ಕೊಡುತ್ತದೆ.