ಮುದಿ ಕುದುರೆಯ ಮಿದುಳು

ಮಂಡ್ಯ, ಮದ್ದೂರು, ಮಳವಳ್ಳಿಗಳ ಬೀದಿಗಳಲ್ಲಿ ಜಟಕಾ ಗಾಡಿಗಳು ಓಡಾಡುತ್ತಿದ್ದ ಕಾಲವೊಂದಿತ್ತು. ಮದ್ದೂರಿನಲ್ಲಿ ರೈಲಿನಿಂದಿಳಿದವರನ್ನು ಮನೆ ಮುಟ್ಟಿಸುತ್ತಿದ್ದ ವಾಹನ ಅದೇ. ಈ ಸೀಮೆಗೂ ಕುದುರೆಗೂ ಇರುವ ನಂಟು ಇನ್ನೂ ಹಳೆಯದು. 1799ರ ಮಾರ್ಚ್ 27ರಂದು ಮಳವಳ್ಳಿಯ ಬಳಿ ಟಿಪ್ಪು ಸುಲ್ತಾನನಿಗೂ ಇಂಗ್ಲಿಷರಿಗೂ ನಡೆದ ಕಾಳಗದಲ್ಲಿ ಎರಡು ಕಡೆಯ ಅಶ್ವದಳಗಳೂ ಹೋರಾಡಿದವು. ಮದ್ದೂರಿನ ಉತ್ತರಕ್ಕಿರುವ ಕುಣಿಗಲ್ಲು ಕುದುರೆಗಳ ಸಾಕಣೆಗೆ ಹೆಸರಾದ ಊರು.

ಕುದುರೆಯನ್ನು ಕೊಳ್ಳುವವನು ಮೊದಲು ಅದರ ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಹಲ್ಲಿನ ಸವೆತದಿಂದ ವಯಸ್ಸು ತಿಳಿಯುತ್ತದೆ. ಚೆನ್ನಾಗಿ ಸಾಕಿದ ಕುದುರೆ 25ರಿಂದ 30 ವರ್ಷ ಬದುಕಬಲ್ಲುದು. 20 ದಾಟಿತೆಂದರೆ ಅದು ಮುದಿಯಾಯಿತೆಂದೇ ಲೆಕ್ಕ. ಆದರೆ ವಯಸ್ಸನ್ನು ಹೇಳುವ ಹಲ್ಲು ತಲೆಯೊಳಗಿನ ರೋಗವನ್ನು ಹೇಳಲಾರದು.

ಅಂತಹ ಮುದಿ ಕುದುರೆ ಒಂದು ದಿನ ಮೇವನ್ನು ಬಿಟ್ಟು ತಲೆ ತಗ್ಗಿಸಿ ನಿಲ್ಲುತ್ತದೆ, ಸುತ್ತಿದಲ್ಲಿಯೇ ಸುತ್ತುತ್ತದೆ, ಗೋಡೆಗೆ ಹಣೆಯನ್ನು ಒತ್ತಿ ನಿಲ್ಲುತ್ತದೆ, ತಿಳಿದ ದಾರಿಯಲ್ಲಿಯೇ ಮುಗ್ಗರಿಸುತ್ತದೆ. ಇದನ್ನು ಕಂಡವರು ‘ಮೊಂಡು ಬಿದ್ದಿದೆ’ ಎಂದು ಚಾವಟಿ ಎತ್ತುವುದುಂಟು. ಅದು ಮೊಂಡುತನವಲ್ಲದೆ ಮಿದುಳಿನ ಬೇನೆಯಾಗಿರಬಹುದು ಎಂಬುದು ಅವರಿಗೆ ಹೊಳೆಯುವುದಿಲ್ಲ.

ಕುದುರೆಯ ತಲೆ ದೊಡ್ಡದಾದರೂ ಮಿದುಳು ಚಿಕ್ಕದು. ಅದರ ತೂಕ ಸುಮಾರು 600 ಗ್ರಾಂ. ಗಟ್ಟಿಯಾದ ಎಲುಬಿನ ಕೋಟೆಯೊಳಗೆ ಅದು ಅಡಗಿದೆ. ಮಿದುಳಿನ ಒಳಗಣ ಕುಹರಗಳಲ್ಲಿ ತಿಳಿಯಾದ ದ್ರವವೊಂದು ಹರಿಯುತ್ತಿರುತ್ತದೆ. ಈ ದ್ರವವನ್ನು ಒಸರಿಸುವುದು ಅಲ್ಲಿರುವ ನವುರಾದ ರಕ್ತನಾಳಗಳ ಜಾಲ. ವಯಸ್ಸಾದಂತೆ ಈ ಜಾಲದಲ್ಲಿ ಆಗಾಗ ರಕ್ತ ಜಿನುಗಿ, ರಕ್ತಕಣಗಳಲ್ಲಿದ್ದ ಕೊಲೆಸ್ಟರಾಲ್ ಹರಳುಗಟ್ಟುತ್ತದೆ. ಹರಳುಗಳ ಸುತ್ತ ಊತವುಂಟಾಗಿ ಗಂಟು ಬೆಳೆಯುತ್ತದೆ. ಮುದಿ ಕುದುರೆಗಳಲ್ಲಿ 100ಕ್ಕೆ 15ರಿಂದ 20ರಲ್ಲಿ ಇಂತಹ ಗಂಟುಗಳಿರುತ್ತವೆಂದು ಪಶುವೈದ್ಯ ಗ್ರಂಥಗಳು ಹೇಳುತ್ತವೆ. ಬಹುಪಾಲು ಗಂಟುಗಳು ಚಿಕ್ಕವು, ಅವುಗಳಿಂದ ತೊಂದರೆಯಿಲ್ಲ. ಗಂಟು ದೊಡ್ಡದಾಗಿ ದ್ರವದ ದಾರಿಯನ್ನು ಕಟ್ಟಿದಾಗ ಮಾತ್ರ ಮಿದುಳಿನ ಮೇಲೆ ಒತ್ತಡ ಬಿದ್ದು, ಮಂಕು, ಸುತ್ತುವಿಕೆ, ಸೆಳವುಗಳು ಕಾಣಿಸಿಕೊಳ್ಳುತ್ತವೆ.

ಎಲುಬಿನೊಳಗೆ ಅಡಗಿದ ಈ ಗಂಟನ್ನು ಕಾಣುವುದು ಹೇಗೆ? 1895ರಲ್ಲಿ ರಾಂಟ್‌ಜನ್ ಕಂಡುಹಿಡಿದ ಕ್ಷ-ಕಿರಣವು ಎಲುಬನ್ನು ಚೆನ್ನಾಗಿ ತೋರಿಸಿತೇ ಹೊರತು ಮೃದುವಾದ ಮಿದುಳನ್ನು ತೋರಿಸಲಿಲ್ಲ. ಕಬ್ಬಿನ ಗದ್ದೆಯ ಒಂದು ಬದುವಿನಲ್ಲಿ ನಿಂತವನಿಗೆ ಸಾಲುಗಳೆಲ್ಲ ಒಂದರ ಮೇಲೊಂದು ಬಿದ್ದಂತೆ ಕಾಣುತ್ತವೆ. ಅವನೇ ಗದ್ದೆಯ ಸುತ್ತ ನಡೆದು, ಪ್ರತಿ ದಿಕ್ಕಿನಿಂದಲೂ ಇಣುಕಿ ನೋಡಿದರೆ, ಒಳಗೆ ಕಬ್ಬು ಎಲ್ಲಿ ಒತ್ತಾಗಿದೆ, ಎಲ್ಲಿ ತೆಳುವಾಗಿದೆ ಎಂದು ಲೆಕ್ಕ ಹಾಕಬಲ್ಲನು. ಸಿ.ಟಿ. ಸ್ಕ್ಯಾನ್ ಯಂತ್ರ ಮಾಡುವುದೂ ಇದನ್ನೇ. ಅದು ತಲೆಯ ಸುತ್ತಲಿಂದ ಕ್ಷ-ಕಿರಣ ಹಾಯಿಸಿ, ಗಣಕಯಂತ್ರದ ಲೆಕ್ಕದಿಂದ ಒಳಗಿನ ಚಿತ್ರವನ್ನು ಪದರಪದರವಾಗಿ ಕಟ್ಟುತ್ತದೆ. 1971ರಲ್ಲಿ ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡರ ಯಂತ್ರವು ಮೊದಲ ಬಾರಿಗೆ ರೋಗಿಯೊಬ್ಬರ ಮಿದುಳನ್ನು ಹೀಗೆ ತೋರಿಸಿತು. ಅದೇ ವರ್ಷ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಎನ್. ರಾಮಚಂದ್ರನ್ ಅವರು ಎ. ವಿ. ಲಕ್ಷ್ಮೀನಾರಾಯಣನ್ ಅವರೊಡನೆ ಇಂತಹ ಚಿತ್ರಗಳನ್ನು ಕಟ್ಟುವ ಗಣಿತಮಾರ್ಗವೊಂದನ್ನು ಪ್ರಕಟಿಸಿದರು. ಕ್ಷ-ಕಿರಣವಿಲ್ಲದೆ, ಪ್ರಬಲವಾದ ಅಯಸ್ಕಾಂತ ಮತ್ತು ರೇಡಿಯೋ ತರಂಗಗಳಿಂದ ಚಿತ್ರ ಪಡೆಯುವ ಎಂ.ಆರ್.ಐ. ವಿಧಾನವು ಮೃದು ಭಾಗಗಳನ್ನು ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ.

ಮನುಷ್ಯನಿಗೆ ‘ಅಲುಗಾಡದೆ ಮಲಗು’ ಎನ್ನಬಹುದು. 400–500 ಕಿಲೋಗ್ರಾಂ ತೂಗುವ ಕುದುರೆಗೆ ಹಾಗೆನ್ನಲಾದೀತೆ? ಅದಕ್ಕೆ ಅರಿವಳಿಕೆ ಕೊಟ್ಟು ಮಲಗಿಸಬೇಕು. ಎಚ್ಚರಗೊಂಡು ಏಳುವಾಗ ಅದು ಕಾಲು ಮುರಿದುಕೊಳ್ಳುವ ಅಪಾಯವುಂಟು. ಆದುದರಿಂದ ಈಚೆಗೆ ಕೆಲವು ಆಸ್ಪತ್ರೆಗಳಲ್ಲಿ ಮಂಪರಿನ ಮದ್ದು ಕೊಟ್ಟು, ನಿಂತ ಕುದುರೆಯ ತಲೆಯನ್ನೇ ಸಿ.ಟಿ. ಯಂತ್ರದೊಳಗಿರಿಸಿ ಚಿತ್ರ ತೆಗೆಯುತ್ತಾರೆ.

ಚಿತ್ರವೊಂದೇ ಎಲ್ಲವನ್ನೂ ಹೇಳುವುದಿಲ್ಲ. ಗಂಟು ಕಂಡ ಮಾತ್ರಕ್ಕೆ ಅದೇ ರೋಗದ ಮೂಲವೆನ್ನಲಾಗದು. ಅದು ಸುಮ್ಮನಿರುವ ಗಂಟೂ ಆಗಿರಬಹುದು. ಮುದಿ ಕುದುರೆಗಳಲ್ಲಿ ಮಿದುಳಿನ ತಳದ ಪಿಟ್ಯೂಟರಿ ಗ್ರಂಥಿ ಹಿಗ್ಗುವ ರೋಗವೂ ಸಾಮಾನ್ಯ. ಬೇಸಿಗೆ ಬಂದರೂ ಉದುರದ ಉದ್ದ ಕೂದಲು ಅದರ ಗುರುತು; ಅದನ್ನು ಸಾಮಾನ್ಯವಾಗಿ ರಕ್ತಪರೀಕ್ಷೆಯಿಂದಲೇ ತಿಳಿಯುತ್ತಾರೆ. ಆದುದರಿಂದ ಒಳ್ಳೆಯ ವೈದ್ಯನು ಮೊದಲು ಕುದುರೆಯ ನಡಿಗೆ, ನೋಟ, ಮೇವುಗಳನ್ನು ಗಮನಿಸಿ, ಆಮೇಲೆ ಚಿತ್ರವನ್ನು ನೋಡುತ್ತಾನೆ.

ವೈದ್ಯನಿಗಿಂತ ಮೊದಲು ಇವುಗಳನ್ನು ಕಾಣಬಲ್ಲವನು ಕುದುರೆಯನ್ನು ಸಾಕಿದವನು. ಹತ್ತಾರು ವರ್ಷ ಗಾಡಿ ಎಳೆದ ಪ್ರಾಣಿ ತನ್ನ ನೋವನ್ನು ಬಾಯಿಬಿಟ್ಟು ಹೇಳಲಾರದು, ನಡತೆಯಿಂದಲೇ ಹೇಳುತ್ತದೆ. ಅದು ಗೋಡೆಗೆ ಹಣೆಯೊತ್ತಿ ನಿಂತಾಗ ಚಾವಟಿಯನ್ನು ಕೆಳಗಿಟ್ಟು ಪಶುವೈದ್ಯನಿಗೆ ಹೇಳಿಕಳುಹಿಸುವುದೇ ಚಿಕಿತ್ಸೆಯ ಮೊದಲ ಹೆಜ್ಜೆ.