‘ಲೈಕನ್’ ಎಂಬ ಕ್ರಿಯಾಪದವೂ ಕನ್ನಡದ ‘ಹೋಲಿಸು’ವೂ

ಇಂಗ್ಲಿಷಿನ ‘ಲೈಕನ್’, ‘ಕಂಪೇರ್’ ಎಂಬ ಎರಡು ಕ್ರಿಯಾಪದಗಳಿಗೂ ‘ಹೋಲಿಸು’ ಎಂಬ ಒಂದೇ ಪ್ರತಿಪದವನ್ನು ಹೇಳುವುದು ನಮ್ಮಲ್ಲಿ ವಾಡಿಕೆಯಾಗಿದೆ. ಇವೆರಡರ ಅರ್ಥವ್ಯಾಪ್ತಿಯು ಒಂದೇ ಅಲ್ಲವಾದುದರಿಂದ ಭಾಷಾಂತರಕಾರರಿಗೂ ಉಪಾಧ್ಯಾಯರಿಗೂ ತೊಡಕುಂಟಾಗುತ್ತದೆ. ಆದಕಾರಣ ಈ ವಿಷಯವನ್ನು ಸ್ವಲ್ಪ ವಿವೇಚಿಸುವುದು ಅವಶ್ಯಕ.

‘ಲೈಕನ್’ ಎಂಬುದು ಸದೃಶವೆಂಬರ್ಥದ ‘ಲೈಕ್’ ಶಬ್ದಕ್ಕೆ ಕ್ರಿಯಾರ್ಥದ ‘ಎನ್’ ಪ್ರತ್ಯಯವು ಸೇರಿ ಆದುದು. ನಮ್ಮ ‘ಹೋಲಿಸು’ವಿನ ರಚನೆಯೂ ಇದೇ ಬಗೆಯದು. ಹಳಗನ್ನಡದ ‘ಪೋಲ್’ ಧಾತುವು ಪಕಾರಕ್ಕೆ ಹಕಾರ ಬಂದು ‘ಹೋಲು’ ಎಂದಾಗಿ, ‘ಇಸು’ ಪ್ರತ್ಯಯವನ್ನು ಪಡೆದಿದೆ. ಮಗನು ತಂದೆಯನ್ನು ಹೋಲುತ್ತಾನೆ. ಕವಿಯು ಮುಖವನ್ನು ಕಮಲಕ್ಕೆ ಹೋಲಿಸುತ್ತಾನೆ. ಮೊದಲನೆಯದರಲ್ಲಿ ಸಾದೃಶ್ಯವು ತಾನಾಗಿಯೇ ಇದೆ. ಎರಡನೆಯದರಲ್ಲಿ ಹೇಳುವವನು ಅದನ್ನು ಕಾಣಿಸುತ್ತಾನೆ. ‘ಕಂಪೇರ್’ ಎಂಬುದಾದರೋ ಲ್ಯಾಟಿನ್ ಮೂಲದ್ದು. ‘ಸಹ’, ‘ಸಮ’ ಎಂಬರ್ಥದ ಎರಡು ಅಂಶಗಳು ಅದರಲ್ಲಿವೆ. ಎರಡು ವಸ್ತುಗಳನ್ನು ಒಂದೆಡೆಯಲ್ಲಿಟ್ಟು, ಸಾಮ್ಯ ವೈಷಮ್ಯಗಳೆರಡನ್ನೂ ನೋಡುವುದು ಅದರ ಮುಖ್ಯಾರ್ಥ. ತುಲೆಯೆಂದರೆ ತಕ್ಕಡಿ; ಅದರಿಂದಾದ ‘ತುಲನೆ’ ಎಂಬ ಪದವು ಇದಕ್ಕೆ ಹೆಚ್ಚು ಸಮೀಪವಾದುದು.

ಬೆಂಗಳೂರಿನ ದಂಡುಪ್ರದೇಶದಿಂದಲೇ ಉದಾಹರಣೆಯನ್ನು ಕೊಡಬಹುದು. ಶಿವಾಜಿನಗರದಲ್ಲಿ 1882ರಲ್ಲಿ ಪ್ರತಿಷ್ಠಿತವಾದ, ಗಾಥಿಕ್ ಶೈಲಿಯ ಸೇಂಟ್ ಮೇರಿ ಇಗರ್ಜಿಯ ಶಿಖರವನ್ನು ಬಾಣದ ಮೊನೆಗೆ ಹೋಲಿಸಿದರೆ ಅದು ‘ಲೈಕನ್’. ಅದೇ ಶಿಖರವನ್ನು ಹಲಸೂರಿನ ಸೋಮೇಶ್ವರ ದೇವಾಲಯದ ಗೋಪುರದೊಡನೆ ಹೋಲಿಸಿದರೆ ಅದು ‘ಕಂಪೇರ್’. ಎರಡೂ ಮೇಲೇರುತ್ತ ಕಿರಿದಾಗುತ್ತವೆಂಬುದು ಸಾಮ್ಯ. ಗೋಪುರವು ನೆಲೆನೆಲೆಯಾಗಿ ಶಿಲ್ಪಗಳಿಂದ ತುಂಬಿ ಏರುತ್ತದೆಂಬುದು ಭೇದ. ಇಂಗ್ಲಿಷಿನಲ್ಲಿ ‘ಲೈಕನ್’ ಪದವು ‘ಟು’ ಎಂಬುದನ್ನು ಮಾತ್ರ ಬಯಸುತ್ತದೆ. ‘ಕಂಪೇರ್’ ಪದಕ್ಕೆ ‘ಟು’, ‘ವಿತ್’ ಎರಡೂ ಸಲ್ಲುತ್ತವೆ. ಕನ್ನಡದ ಚತುರ್ಥೀ ವಿಭಕ್ತಿಯೂ ‘ಒಡನೆ’ ಎಂಬುದೂ ಬಹುಮಟ್ಟಿಗೆ ಈ ಭೇದವನ್ನೇ ತೋರಿಸುತ್ತವೆ.

ಮತ್ತೊಂದು ಪರೀಕ್ಷೆಯೂ ಉಂಟು. 9ನೆಯ ಶತಮಾನದ ‘ಕವಿರಾಜಮಾರ್ಗ’ದ ಕಾಲದಿಂದಲೂ ನಮ್ಮ ಅಲಂಕಾರಶಾಸ್ತ್ರವು ಉಪಮೆಯನ್ನು ವಿವೇಚಿಸುತ್ತ ಬಂದಿದೆ. ಅಲ್ಲಿ ಉಪಮೇಯ, ಉಪಮಾನಗಳ ಸ್ಥಾನಗಳನ್ನು ಅದಲುಬದಲು ಮಾಡಿದರೆ ಅರ್ಥವೇ ಬೇರೆಯಾಗುತ್ತದೆ. ಚಂದ್ರನನ್ನೇ ಮುಖಕ್ಕೆ ಹೋಲಿಸಿದರೆ ಅದು ಪ್ರತೀಪವೆಂಬ ಬೇರೊಂದು ಅಲಂಕಾರ. ತುಲನೆಯಲ್ಲಿ ಹಾಗಲ್ಲ, ಶಿಖರವನ್ನು ಗೋಪುರದೊಡನೆ ನೋಡಿದರೂ, ಗೋಪುರವನ್ನು ಶಿಖರದೊಡನೆ ನೋಡಿದರೂ ಫಲವೊಂದೇ.

‘ಕಳೆದ ವರ್ಷಕ್ಕೆ ಹೋಲಿಸಿದರೆ ಮಳೆ ಕಡಿಮೆ’ ಎಂಬ ಪ್ರಯೋಗವು ರೂಢಿಯಲ್ಲಿದೆಯಲ್ಲವೆ ಎಂದು ಕೆಲವರು ಕೇಳಬಹುದು. ರೂಢಿಯಲ್ಲಿರುವುದು ನಿಜ, ಇಂಗ್ಲಿಷಿನಲ್ಲಿಯೂ ಇಂಥದೇ ಪ್ರಯೋಗವುಂಟು. ಆದುದರಿಂದ ವಿಭಕ್ತಿಯೊಂದನ್ನೇ ನಂಬದೆ ವಾಕ್ಯದ ಆಶಯವನ್ನು ನೋಡಬೇಕು. ಪ್ರಶ್ನಪತ್ರಿಕೆಯಲ್ಲಿ ‘ಇಬ್ಬರು ಕವಿಗಳನ್ನು ಹೋಲಿಸಿರಿ’ ಎಂದಷ್ಟೇ ಬರೆದರೆ, ಸಾಮ್ಯವನ್ನು ಮಾತ್ರ ಬರೆದ ವಿದ್ಯಾರ್ಥಿಯನ್ನು ತಪ್ಪಿತಸ್ಥನೆನ್ನಲಾಗದು. ಆ ಪದದ ಮೂಲಾರ್ಥಕ್ಕೆ ಅವನು ನಿಷ್ಠನಾಗಿದ್ದಾನೆ. ಭೇದವೂ ಬೇಕಾದೆಡೆಯಲ್ಲಿ ‘ತುಲನೆ ಮಾಡಿರಿ’ ಎಂದೂ, ಉಪಮೆಯ ಪ್ರಸಂಗದಲ್ಲಿ ‘ಹೋಲಿಸು’ ಎಂದೂ ಪ್ರಯೋಗಿಸಿದರೆ ಭಾಷಾಂತರಕ್ಕೂ ಬೋಧನೆಗೂ ಸ್ಪಷ್ಟತೆಯುಂಟಾಗುವುದು.