ಮೂರನೇ ದಿನ ದುಡ್ಡು ವಾಪಸ್: ಆ್ಯಪ್ ಬಿಡುಗಡೆಯನ್ನು ಸ್ಕ್ರಿಪ್ಟ್‌ಗೆ ಒಪ್ಪಿಸಿದ ಕಥೆ

ಹೋದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಸೇರಿ ಒಂದು ಆಂಡ್ರಾಯ್ಡ್ ಆ್ಯಪ್ ಮಾಡಿದ್ವಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮೊದಲ ವರ್ಷದವರಿಗೆ ಗಣಿತದ ಲೆಕ್ಕಗಳನ್ನು ಕನ್ನಡದಲ್ಲೇ ಹಂತ ಹಂತವಾಗಿ ಬಿಡಿಸಿ ತೋರಿಸುವ ಆ್ಯಪ್. ಮೊದಲ ಎರಡು ಅಧ್ಯಾಯ ಉಚಿತ, ಉಳಿದದ್ದಕ್ಕೆ 49 ರೂಪಾಯಿ. ಸರ್ವರ್ ಬಾಡಿಗೆ ಹುಟ್ಟಿದರೆ ಸಾಕು ಅನ್ನೋದಷ್ಟೇ ನಮ್ಮ ಲೆಕ್ಕಾಚಾರ. ಶುಕ್ರವಾರ ಬಿಡುಗಡೆ ಮಾಡಿದೆವು. ಶನಿವಾರ, ಭಾನುವಾರ ಹತ್ತಿಪ್ಪತ್ತು ಜನ ಕೊಂಡರು. ಸೋಮವಾರ ರಾತ್ರಿ ಒಬ್ಬ ಜೂನಿಯರ್‌ನ ಮೆಸೇಜ್: "ಅಣ್ಣಾ, ದುಡ್ಡು ವಾಪಸ್ ಬಂದಿದೆ, ಆದ್ರೆ ಪಾಠ ಇನ್ನೂ ಓಪನ್ ಆಗ್ತಿದೆ. ಏನಾದ್ರೂ ಆಫರ್ರಾ?" ಬುಧವಾರದ ಹೊತ್ತಿಗೆ ಎಲ್ಲರ ಹಣವೂ ಒಂದೊಂದಾಗಿ ವಾಪಸ್ ಹೋಗಿತ್ತು. ದುಡ್ಡೂ ಇಲ್ಲ, ಸರಕೂ ಇಲ್ಲ.

ತಪ್ಪು ಪೂರ್ತಿ ನಮ್ಮದೇ. ಅದೇನು ಅಂತ ಹೇಳೋಕೆ ಮುಂಚೆ, ಆ್ಯಪ್ ಬಿಡುಗಡೆಯನ್ನು ಎಪಿಐ ಮೂಲಕ ಮಾಡೋದು ಅಂದ್ರೆ ಏನು ಅಂತ ನೋಡೋಣ.

ಗೂಗಲ್ ಪ್ಲೇಯಲ್ಲಿ ಹೊಸ ಆವೃತ್ತಿ ಬಿಡಬೇಕಾದರೆ ಸಾಮಾನ್ಯವಾಗಿ ಪ್ಲೇ ಕನ್ಸೋಲ್‌ಗೆ ಲಾಗಿನ್ ಆಗಿ, ಫೈಲ್ ಅಪ್‌ಲೋಡ್ ಮಾಡಿ, ಹೊಸದೇನಿದೆ ಅಂತ ಬರೆದು, ನಾಲ್ಕೈದು ಕಡೆ ಕ್ಲಿಕ್ ಮಾಡಬೇಕು. ತಿಂಗಳಿಗೊಮ್ಮೆ ಆದರೆ ಪರವಾಗಿಲ್ಲ. ಇಂಟರ್ನಲ್ಸ್ ಹಿಂದಿನ ವಾರ ದಿನಕ್ಕೆರಡು ಸಲ ತಿದ್ದಿದ ಪಾಠ ಹಾಕಬೇಕಾದಾಗ ಕೈ ಸೋತುಹೋಗುತ್ತೆ. ಕೈ ಸೋತಾಗಲೇ ತಪ್ಪು ಫೈಲ್ ಹೋಗೋದು. ಗೂಗಲ್ ಪ್ಲೇ ಡೆವಲಪರ್ ಎಪಿಐ ಇದೇ ಕೆಲಸವನ್ನು ಸ್ಕ್ರಿಪ್ಟ್‌ನಿಂದ ಮಾಡಲು ಬಿಡುತ್ತೆ. ಆ್ಯಪಲ್‌ಗೆ ಆ್ಯಪ್ ಸ್ಟೋರ್ ಕನೆಕ್ಟ್ ಎಪಿಐ ಇದೆ, ಅದು 2018ರಲ್ಲಿ ಬಂತು. ಎರಡನ್ನೂ ಒಳಗಿಟ್ಟುಕೊಂಡಿರುವ ಫಾಸ್ಟ್‌ಲೇನ್ ಅನ್ನೋ ಮುಕ್ತ ತಂತ್ರಾಂಶವನ್ನು ಫೆಲಿಕ್ಸ್ ಕ್ರೌಸ್ 2014ರಲ್ಲಿ ಶುರುಮಾಡಿದ್ದು. ಬಹಳಷ್ಟು ತಂಡಗಳು ನೇರವಾಗಿ ಎಪಿಐ ಮುಟ್ಟದೆ ಇದನ್ನೇ ಬಳಸುತ್ತವೆ. ನಾವು ಕಲಿಯೋ ಹಠಕ್ಕೆ ಬಿದ್ದು ಪೈಥಾನ್‌ನಲ್ಲಿ ನಾವೇ ಬರೆದೆವು.

ಒಂದು ಮಾತು ಮೊದಲೇ ಹೇಳಿಬಿಡ್ತೀವಿ: ಹೊಚ್ಚಹೊಸ ಆ್ಯಪನ್ನು ಪ್ಲೇ ಎಪಿಐ ಸೃಷ್ಟಿಸಲ್ಲ. ಮೊದಲ ಸಲ ಕನ್ಸೋಲ್‌ನಲ್ಲಿ ಕೈಯಾರೆ ಮಾಡಲೇಬೇಕು. ಅದೂ ಅಲ್ಲದೆ 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯಾದರೆ, ಕನಿಷ್ಠ 12 ಪರೀಕ್ಷಕರು ಸತತ 14 ದಿನ ಕ್ಲೋಸ್ಡ್ ಟೆಸ್ಟಿಂಗ್‌ನಲ್ಲಿ ಇರಬೇಕು. (ಹಾಸ್ಟೆಲ್‌ನಲ್ಲಿ 12 ಜನ ಸಿಗೋದು ಸುಲಭ. 14 ದಿನ ಅವರನ್ನು ಹಿಡಿದಿಡೋದೇ ಕಷ್ಟ. ಅದಕ್ಕೆ ಯಾವ ಎಪಿಐನೂ ಇಲ್ಲ.)

ಪ್ಲೇ ಎಪಿಐಯ ಹೃದಯ ಅಂದ್ರೆ 'ಎಡಿಟ್'. ಡಿಬಿಎಂಎಸ್ ಕ್ಲಾಸಿನ ಟ್ರಾನ್ಸಾಕ್ಷನ್ ನೆನಪಿದ್ದರೆ ಇದು ಅರ್ಥವಾದಂತೆಯೇ. ಮೊದಲು ಒಂದು ಎಡಿಟ್ ತೆರೆಯುತ್ತೀರಿ, ಒಂದು ಐಡಿ ಸಿಗುತ್ತೆ. ಆ ಐಡಿ ಹಿಡಿದು ಬಂಡಲ್ ಅಪ್‌ಲೋಡ್ ಮಾಡಿ, ಅದು ಯಾವ ಟ್ರ್ಯಾಕ್‌ಗೆ ಹೋಗಬೇಕು, ಅಂದರೆ ಒಳಗಿನ ಪರೀಕ್ಷಕರಿಗೋ ಎಲ್ಲ ಬಳಕೆದಾರರಿಗೋ, ಅಂತ ಹೇಳುತ್ತೀರಿ. ಬೇಕಿದ್ದರೆ ಕನ್ನಡದ ವಿವರಣೆಯನ್ನೂ ಸೇರಿಸಬಹುದು. ಕೊನೆಗೆ ಕಮಿಟ್. ಅಲ್ಲಿವರೆಗೆ ಹೊರಗಿನವರಿಗೆ ಏನೂ ಕಾಣಲ್ಲ. ಮಧ್ಯದಲ್ಲಿ ನೆಟ್ ಹೋದರೂ ಅರ್ಧಂಬರ್ಧ ಬಿಡುಗಡೆ ಆಗಲ್ಲ. ಆದರೆ ಸ್ಕ್ರಿಪ್ಟ್ ಓಡುತ್ತಿರುವಾಗ ಗೆಳೆಯನೊಬ್ಬ ಕನ್ಸೋಲ್‌ನಲ್ಲಿ ಏನಾದರೂ ಬದಲಾಯಿಸಿದರೆ ನಿಮ್ಮ ಎಡಿಟ್ ಅಮಾನ್ಯವಾಗುತ್ತೆ. ಮೊದಲ ಸಲ ಈ ಎರರ್ ಬಂದಾಗ ನಾವು ಎರಡು ಗಂಟೆ ಕೋಡ್ ಹುಡುಕಿದೆವು. ಆಸಾಮಿ ಪಕ್ಕದ ರೂಮಲ್ಲಿ ಕೂತು ಐಕಾನ್ ಬದಲಾಯಿಸ್ತಾ ಇದ್ದ.

ಆವೃತ್ತಿ ಸಂಖ್ಯೆ ಪ್ರತಿ ಸಲ ಏರಲೇಬೇಕು. ದಿನಾಂಕವನ್ನೇ ಸಂಖ್ಯೆ ಮಾಡೋಣ ಅನ್ನೋ ಜಾಣತನ ಎಲ್ಲರಿಗೂ ಹೊಳೆಯುತ್ತೆ, ನಮಗೂ ಹೊಳೀತು. ಪ್ಲೇ ಒಪ್ಪುವ ಗರಿಷ್ಠ ಸಂಖ್ಯೆ 2100000000. ವರ್ಷದ ಕೊನೆಯ ಎರಡು ಅಂಕಿ, ತಿಂಗಳು, ದಿನ, ಗಂಟೆ, ನಿಮಿಷ ಜೋಡಿಸಿದರೆ 2021ರಿಂದಲೇ ಅದು ಮಿತಿ ದಾಟಿಬಿಡುತ್ತೆ. ಬಿಲ್ಡ್ ಎಷ್ಟನೇದು ಅನ್ನೋ ಸಾದಾ ಎಣಿಕೆ ಸಾಕು.

ಬಿಡುವಾಗ ಎಲ್ಲರಿಗೂ ಒಟ್ಟಿಗೆ ಬಿಡಬೇಡಿ. ಸ್ಥಿತಿಯನ್ನು 'ಇನ್‌ಪ್ರೋಗ್ರೆಸ್' ಅಂತಿಟ್ಟು ಪಾಲು 0.05 ಅಂತ ಕೊಟ್ಟರೆ ನೂರಕ್ಕೆ ಐದು ಜನರಿಗೆ ಮಾತ್ರ ಹೋಗುತ್ತೆ. ಎಡವಟ್ಟಾದರೆ 'ಹಾಲ್ಟೆಡ್' ಮಾಡಿ ನಿಲ್ಲಿಸಬಹುದು. ಈಗಾಗಲೇ ತಗೊಂಡವರ ಫೋನಿನಿಂದ ಅದನ್ನು ವಾಪಸ್ ಎಳೆಯೋಕಾಗಲ್ಲ. ಅವರಿಗೆ ಸರಿಪಡಿಸಿದ ಹೊಸ ಆವೃತ್ತಿಯೇ ಬೇಕು. ಆ್ಯಪಲ್‌ನಲ್ಲಿ ಈ ಹಂತಗಳನ್ನು ಅವರೇ ನಿಗದಿ ಮಾಡಿದ್ದಾರೆ: ಏಳು ದಿನದಲ್ಲಿ ನೂರಕ್ಕೆ 1, 2, 5, 10, 20, 50, ಕೊನೆಗೆ 100.

ಇನ್ನು ಕೀಲಿಯ ವಿಷಯ. ನಿಮ್ಮ ಸ್ಕ್ರಿಪ್ಟ್ ಗೂಗಲ್ ಕ್ಲೌಡ್‌ನ ಸರ್ವಿಸ್ ಅಕೌಂಟ್ ಆಗಿ ಒಳಗೆ ಹೋಗುತ್ತೆ, ಅದರ ಗುರುತು ಒಂದು ಜೇಸನ್ ಫೈಲ್. ಆ ಫೈಲ್ ಯಾರ ಕೈಲಿದೆಯೋ ಅವರೇ ಸ್ಕ್ರಿಪ್ಟ್. ಗಿಟ್‌ಹಬ್‌ಗೆ ಒಮ್ಮೆ ಪುಶ್ ಆದರೆ ಆಮೇಲೆ ಅಳಿಸಿದರೂ ಇತಿಹಾಸದಲ್ಲಿ ಕೂತಿರುತ್ತೆ. ಆಗ ಮಾಡೋದು ಒಂದೇ: ಆ ಕೀಲಿಯನ್ನು ರದ್ದು ಮಾಡಿ ಹೊಸದು ತಗೊಳ್ಳೋದು. ಕನ್ಸೋಲ್‌ನಲ್ಲಿ ಪರೀಕ್ಷಾ ಟ್ರ್ಯಾಕ್‌ಗೆ ಬಿಡುವ ಅನುಮತಿ ಬೇರೆ, ಎಲ್ಲರಿಗೂ ಬಿಡುವ ಅನುಮತಿ ಬೇರೆ. ಸ್ಕ್ರಿಪ್ಟ್‌ಗೆ ಮೊದಲನೆಯದನ್ನು ಮಾತ್ರ ಕೊಡೋದೇ ಸರಿ ಅನ್ನೋದು ನಮ್ಮ ಅಭಿಪ್ರಾಯ; ಕೊನೆಯ ಬಟನ್ ಒಬ್ಬ ಮನುಷ್ಯನೇ ಒತ್ತಲಿ. ಆ್ಯಪಲ್ ಕೀಲಿಯ ಫೈಲನ್ನು ಒಂದೇ ಒಂದು ಸಲ ಡೌನ್‌ಲೋಡ್ ಮಾಡಲು ಬಿಡುತ್ತೆ. ಅದರಿಂದ ಸಹಿ ಹಾಕಿದ ಟೋಕನ್ ಸಾಮಾನ್ಯವಾಗಿ 20 ನಿಮಿಷಕ್ಕಿಂತ ಹೆಚ್ಚು ಬಾಳಲ್ಲ.

ಈಗ ದುಡ್ಡಿನ ಭಾಗ. ಮಾರಾಟದ ಸರಕು ಮತ್ತು ಬೆಲೆಯನ್ನೂ ಎಪಿಐನಿಂದ ಇಡಬಹುದು. ಆದರೆ ಇವು ಎಡಿಟ್‌ನ ಒಳಗೆ ಬರಲ್ಲ, ಹಾಗಾಗಿ ಕಮಿಟ್ ಅನ್ನೋ ಕೊನೆಯ ಬಾಗಿಲೂ ಇಲ್ಲ. ನಾವು ಬಳಸಿದ ಹಳೆಯ ಇನ್‌ಆ್ಯಪ್‌ಪ್ರಾಡಕ್ಟ್ಸ್ ಭಾಗದಲ್ಲಿ ಬೆಲೆಯನ್ನು ಮೈಕ್ರೋ ಲೆಕ್ಕದಲ್ಲಿ ಬರೀಬೇಕು: 49 ರೂಪಾಯಿ ಅಂದ್ರೆ 49000000. ಒಂದು ಸೊನ್ನೆ ಜಾಸ್ತಿ ಬಿದ್ದರೆ 490 ರೂಪಾಯಿ. ಅದಕ್ಕೇ ಬೆಲೆಗಳನ್ನು ರೂಪಾಯಿಯಲ್ಲೇ ಒಂದು ಪಟ್ಟಿಯಲ್ಲಿ ಬರೆದಿಟ್ಟು, ಗುಣಾಕಾರವನ್ನು ಸ್ಕ್ರಿಪ್ಟ್‌ಗೆ ಬಿಟ್ಟೆವು. ಸರಕಿನ ಐಡಿಯನ್ನು ಒಮ್ಮೆ ಇಟ್ಟರೆ ಬದಲಾಯಿಸೋಕಾಗಲ್ಲ, ಅಳಿಸಿ ಮತ್ತೆ ಬಳಸೋಕೂ ಆಗಲ್ಲ. 'ಟೆಸ್ಟ್1' ಅಂತ ಹೆಸರಿಡಬೇಡಿ. ನಮ್ಮದು ಇವತ್ತಿಗೂ ಹಾಗೇ ಇದೆ.

ಒಬ್ಬರು ಕೊಂಡಾಗ ಆ್ಯಪ್‌ಗೆ ಒಂದು ಪರ್ಚೇಸ್ ಟೋಕನ್ ಸಿಗುತ್ತೆ, ರಸೀದಿ ಅಂದುಕೊಳ್ಳಿ. ನಾವು ಮಾಡಿದ್ದೇನಪ್ಪಾ ಅಂದ್ರೆ, ಟೋಕನ್ ಬಂದ ತಕ್ಷಣ ಫೋನಿನಲ್ಲೇ 'ಪಾವತಿಯಾಗಿದೆ' ಅಂತ ಗುರುತು ಹಾಕಿ ಪಾಠ ತೆರೆದುಬಿಟ್ಟೆವು. ಗೂಗಲ್ ಪ್ಲೇ ನಿಯಮ ಹೀಗಿದೆ: ಸರಕು ತಲುಪಿಸಿದ್ದೇವೆ ಅಂತ ಮೂರು ದಿನದೊಳಗೆ ನೀವು ದೃಢೀಕರಿಸಬೇಕು, ಅವರ ಭಾಷೆಯಲ್ಲಿ ಅಕ್ನಾಲೆಜ್ ಮಾಡಬೇಕು. ಇಲ್ಲದಿದ್ದರೆ ಕೊಂಡವರಿಗೆ ಹಣ ತಾನಾಗಿಯೇ ವಾಪಸ್. ಕೊಳ್ಳುವವರ ದೃಷ್ಟಿಯಿಂದ ಇದು ನ್ಯಾಯವೇ. ಹಣ ಕೊಟ್ಟು ಸರಕು ಸಿಗದವರು ಯಾರ ಹಿಂದೆಯೂ ಅಲೆಯಬೇಕಿಲ್ಲ. ಆ ಒಂದು ಕರೆ ನಮ್ಮ ಕೋಡ್‌ನಲ್ಲಿ ಎಲ್ಲೂ ಇರಲಿಲ್ಲ. ಹಣ ಹೋದ ಮೇಲೂ ಫೋನಿನ ಗುರುತು ಹಾಗೇ ಉಳಿದಿತ್ತು, ಅದಕ್ಕೇ ಪಾಠ ತೆರೆದುಕೊಳ್ತಾ ಇತ್ತು.

ಈಗ ನಮ್ಮ ಕ್ರಮ ಬೇರೆ. ಆ್ಯಪ್ ಟೋಕನ್ನನ್ನು ನಮ್ಮ ಸರ್ವರ್‌ಗೆ ಕಳಿಸುತ್ತೆ. ಸರ್ವರ್ ಎಪಿಐ ಮೂಲಕ ಗೂಗಲ್ ಅನ್ನೇ ಕೇಳುತ್ತೆ. ಉತ್ತರದಲ್ಲಿ ಸ್ಥಿತಿ 0 ಅಂದ್ರೆ ಪಾವತಿಯಾಗಿದೆ, 1 ಅಂದ್ರೆ ರದ್ದಾಗಿದೆ, 2 ಅಂದ್ರೆ ಹಣ ಇನ್ನೂ ಬರಬೇಕು. 0 ಇದ್ದರೆ ಮಾತ್ರ ಡೇಟಾಬೇಸ್‌ಗೆ ಬರೆಯುತ್ತೇವೆ. ಒಂದೇ ಟೋಕನ್ ಎರಡು ಸಲ ಸೇರದಂತೆ ಯುನೀಕ್ ಅಂತ ಕಟ್ಟಿದ್ದೇವೆ, ಒಬ್ಬನ ರಸೀದಿಯಲ್ಲಿ ಇಡೀ ಬ್ಲಾಕ್ ಓದಬಾರದಲ್ಲ! ಬರೆದಾದ ಮೇಲೆ ಅಕ್ನಾಲೆಜ್. ಈ ಅನುಕ್ರಮ ಮುಖ್ಯ. ಮೊದಲು ಅಕ್ನಾಲೆಜ್ ಮಾಡಿ ಆಮೇಲೆ ಬರೆಯುವಾಗ ಸರ್ವರ್ ಬಿದ್ದರೆ, ಹುಡುಗನ ದುಡ್ಡು ನಮ್ಮ ಹತ್ತಿರ, ಪಾಠ ಯಾರ ಹತ್ತಿರವೂ ಇಲ್ಲ. ಈಗಿನ ಕ್ರಮದಲ್ಲಿ ಏನೇ ಮುರಿದರೂ ನಷ್ಟ ನಮಗೆ, ಅವರಿಗಲ್ಲ.

ಹಾಸ್ಟೆಲ್ ವೈಫೈ ಗೊತ್ತಲ್ಲ, ಪಾವತಿ ಆದ ಕ್ಷಣಕ್ಕೇ ಕೈಕೊಡುತ್ತೆ. ಟೋಕನ್ ಸರ್ವರ್‌ಗೆ ತಲುಪಲ್ಲ. ಅದಕ್ಕೆ ಆ್ಯಪ್ ತೆರೆದಾಗಲೆಲ್ಲ ಹಳೆಯ ಖರೀದಿಗಳನ್ನು ಮತ್ತೆ ಕೇಳಿ ಕಳಿಸುತ್ತೇವೆ. ದಿನಾ ರಾತ್ರಿ ಒಂದು ಸ್ಕ್ರಿಪ್ಟ್, ಡೇಟಾಬೇಸ್‌ಗೆ ಸೇರಿಯೂ ಅಕ್ನಾಲೆಜ್ ಆಗದೆ ಉಳಿದವನ್ನು ಹುಡುಕಿ ಪೂರ್ತಿ ಮಾಡುತ್ತೆ. ಹಣ ವಾಪಸ್ ಹೋದವರ ಪಟ್ಟಿಯನ್ನು ವಾಯ್ಡೆಡ್ ಪರ್ಚೇಸಸ್ ಅನ್ನೋ ಎಪಿಐ ಕೊಡುತ್ತೆ, ಆದರೆ ಹಿಂದಿನ 30 ದಿನಗಳದ್ದು ಮಾತ್ರ. ಮೊದಲ ವಾರ ಕೊಂಡವರ ಪಾಠವನ್ನು ನಾವು ಮುಚ್ಚಲಿಲ್ಲ. ವಿಷಯ ಹೇಳಿದ ಮೇಲೆ ಕೆಲವರು ತಾವಾಗಿಯೇ ಮತ್ತೆ ಕೊಂಡರು. ಮೆಸೇಜ್ ಮಾಡಿದ್ದ ಹುಡುಗ ಈಗ ನಮ್ಮ ತಂಡದ ಐದನೆಯವನು.

ಇಷ್ಟೆಲ್ಲ ಆದ ಮೇಲೆ ದಾಖಲೆಪುಟದಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು. ಲೈಸೆನ್ಸ್ ಟೆಸ್ಟರ್ ಅಂತ ಸೇರಿಸಿದ ಖಾತೆಯಿಂದ ಕೊಂಡರೆ ನಿಜವಾದ ಹಣ ಹೋಗಲ್ಲ, ಅಕ್ನಾಲೆಜ್‌ನ ಗಡುವೂ ಮೂರು ದಿನವಲ್ಲ, ಮೂರು ನಿಮಿಷ. ನಾವೂ ಹಾಗೇ ಪರೀಕ್ಷೆ ಮಾಡಿದ್ವಿ. ಪಾಠ ತೆರೆದದ್ದು ನೋಡಿ, ಚಪ್ಪಾಳೆ ತಟ್ಟಿ, ಎರಡನೇ ನಿಮಿಷಕ್ಕೇ ಕ್ಯಾಂಟೀನಿಗೆ ಹೋಗಿದ್ವಿ.